ಎರಡು ಕೆಂಪು ಪಟ್ಟಿ

ಮತ್ತೆ ಅದೇ ಕಡಲಕ್ಕಿ, ಒಂಟಿಕಾಲಲ್ಲಿ ನಿಂತಿದೆ, ವಿಮಾನಗಳು ನಿಲ್ಲುವ ಈ ಅಂಗಳದ ಹಳದಿ ಗೆರೆಯ ಮೇಲೆ, ಇಷ್ಟು ಇಂಜಿನ್ನುಗಳ ಆರ್ಭಟಕ್ಕೂ ಕಣ್ಣು ಮಿಟುಕಿಸದೆ, ಇದಕ್ಕೆ ಕಿವಿಯೇ ಇಲ್ಲವೇನೋ, ನಮಗೂ ಇರುವುದು ಅಷ್ಟರಲ್ಲೇ ಇದೆ, ಮೂವತ್ತು ವರ್ಷ ಸೀಮೆಎಣ್ಣೆ ಹೊಗೆ ಕುಡಿದು ಇಲ್ಲಿ ನಿಂತವನ ಕಿವಿಯಲ್ಲಿ ಮನೆಗೆ ಹೋದಮೇಲೂ ಒಂದು ಇಂಜಿನ್ನು ಓಡುತ್ತಲೇ ಇರುತ್ತದೆ, ಪೆನಿ ಹೇಳುತ್ತಿದ್ದ, ಚರ್ಚಲ್ಲಿ ಪಾದ್ರಿ ಬಾಯಿ ಆಡ್ಸೋದಷ್ಟೇ ಕಾಣ್ಸುತ್ತೆ ಕಣೋ, ಅದೇ ಒಳ್ಳೇದು, ಬಯ್ಯೋದು ಕೇಳ್ಸಲ್ಲ — ಪೆನಿ, ಪೆನಿಸಿಮಾನಿ, ನನ್ನ ಅಣ್ಣ, ಈಗ ಸಾಮಾನನ್ನು ವಿಮಾನಕ್ಕೆ ಏರಿಸುವ ಆ ಬೆಲ್ಟಿನ ಬುಡದಲ್ಲಿ ಗೋಣಿಬಟ್ಟೆ ಸುತ್ತಿದ ಪೆಟ್ಟಿಗೆಯೊಳಗೆ ಮಲಗಿದ್ದಾನೆ, ತಲೆ ಯಾವ ಕಡೆ ಎಂದು ಪೆಟ್ಟಿಗೆಯ ಮೇಲೆ ಬಾಣದ ಗುರುತು ಹಾಕಿದ್ದಾರೆ, ತಲೆ ವಿಮಾನದ ಮೂತಿಯ ಕಡೆಗೆ ಇರಬೇಕು, ಅದು ಬರೆದ ನಿಯಮ, ಕೈಗವಸು ಕಳಚಬೇಕು, ಅದು ಬರೆಯದ ನಿಯಮ, ಈ ಅಂಗಳದಲ್ಲಿ ಸತ್ತವರನ್ನು ಬರಿಗೈಯಲ್ಲೇ ಮುಟ್ಟುತ್ತೇವೆ, ಗಾಲ್ಫ್ ಚೀಲ, ನಾಯಿಗೂಡು, ಹಣ್ಣಿನ ಡಬ್ಬ ಎಲ್ಲವನ್ನೂ ಎತ್ತಿ ಒಗೆಯುವವರು ಈ ಒಂದು ಪೆಟ್ಟಿಗೆ ಬಂದಾಗ ಮಾತ್ರ ಸಾಲಾಗಿ ನಿಂತು ಕೈಗವಸುಗಳನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ, ಇದನ್ನು ಶುರುಮಾಡಿದವನೇ ಪೆನಿ ಎಂದು ಹಳಬರು ಹೇಳುತ್ತಾರೆ, ಅವನನ್ನು ಕೇಳಿದರೆ, ಅಯ್ಯೋ ಅವತ್ತು ನನ್ನ ಕೈಗವಸು ಕಳ್ದೋಗಿತ್ತು ಅಷ್ಟೇನಪ್ಪ, ಇವರೆಲ್ಲ ಅದನ್ನೇ ಭಕ್ತಿ ಅಂದ್ಕೊಂಡ್ರು, ಎಂದು ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಇವತ್ತು ನಾಲ್ಕು ಜನ, ಎಂಟು ಬರಿಗೈ, ಪೆಟ್ಟಿಗೆ ಮೇಲಕ್ಕೆ ಹೋಗುತ್ತಿದೆ, ಈ ಬೆಲ್ಟು ಇಷ್ಟು ನಿಧಾನವಾಗಿ ಓಡಬಲ್ಲದೆಂದೇ ನನಗೆ ಗೊತ್ತಿರಲಿಲ್ಲ, ನಾನು ಮುಟ್ಟಲಿಲ್ಲ, ಮುಟ್ಟಬಾರದು, ನಮ್ಮ ಟೋಂಗಾ ದ್ವೀಪಗಳ ಕಡೆ ತಮ್ಮನಾದವನು ಸತ್ತ ಅಣ್ಣನ ಮೈ ಮುಟ್ಟುವಂತಿಲ್ಲ, ಹಿತ್ತಲಲ್ಲಿ ಒಲೆಯ ಹೊಗೆಯಲ್ಲಿ ನಿಂತು ಬಂದವರಿಗೆ ಅಡುಗೆ ಮಾಡಬೇಕು, ಅಣ್ಣನೆದುರು ತಮ್ಮ ಯಾವತ್ತೂ ಸಣ್ಣವನೇ, ಸತ್ತಮೇಲಂತೂ ಇನ್ನೂ ಸಣ್ಣವನು. ಬೆಲ್ಟು ನಿಂತಿತು. ಪೆಟ್ಟಿಗೆ ಒಳಗೆ ಹೋಯಿತು.

ನೀನು ಇವತ್ತು ಬರಲೇಬಾರ್ದಿತ್ತು, ಮೋಸೆ, ಮನೇಲಿ ಕೂತು ಅಳೋದು ಬಿಟ್ಟು ಇಲ್ಲೇನ್ ಕೆಲಸ ನಿಂಗೆ, ಥಾನಾಸಿ ಟ್ರ್ಯಾಕ್ಟರಿನ ಮೇಲಿಂದ ಬಯ್ಯುತ್ತಿದ್ದಾನೆ, ಗ್ರೀಕನ ಬೈಗುಳದಲ್ಲೂ ಊಟಕ್ಕೆ ಕರೆಯುವ ಧಾಟಿ, ಇಪ್ಪತ್ತು ವರ್ಷದಿಂದ ಅವನು ಟ್ರ್ಯಾಕ್ಟರಿನಿಂದ ವಿಮಾನಗಳನ್ನು ಹಿಂದಕ್ಕೆ ತಳ್ಳುತ್ತಾನೆ, ನಾನೋ ಪೆನಿಯೋ ಹೆಡ್‌ಸೆಟ್ ಹಾಕಿಕೊಂಡು ಮೂತಿಯ ಪಕ್ಕದಲ್ಲಿ ನಡೆಯುತ್ತ ಪೈಲಟ್ಟಿನ ಜೊತೆ ಮಾತಾಡುತ್ತೇವೆ, ಮಾತಾಡುತ್ತಿದ್ದೆವು. ಮಾತು ಕೊಟ್ಟಿದ್ದೀನಿ ಥಾನಾಸಿ, ಅಷ್ಟೇ ಹೇಳಿದೆ, ಅವನಿಗೂ ಗೊತ್ತು ಯಾವ ಮಾತೆಂದು, ಪೆನಿ ಈ ಅಂಗಳದಲ್ಲಿ ಎಲ್ಲರೆದುರಿಗೂ ಸಾರಿದ್ದ, ನಾನು ಊರಿಗೆ ಹೊರಟ ದಿನ ನನ್ನ ತಮ್ಮನೇ ತಳ್ಳಬೇಕು, ಅವನೇ ಚಕ್ರದ ಪಿನ್ನು ಕಿತ್ತು ತೋರಿಸ್ಬೇಕು, ಬೇರೆ ಯಾರಾದ್ರೂ ತೋರಿಸಿದ್ರೆ ನಾನು ಸೀಟಿಂದ ಎದ್ದು ಇಳ್ದುಬಿಡ್ತೀನಿ, ಎಂದು. ಮುಂದಿನ ವರ್ಷ ಕೆಲಸ ಬಿಟ್ಟು ನಮ್ಮ ವವಾವು ದ್ವೀಪಕ್ಕೆ ಹೋಗಿ ದೋಣಿ ಇಟ್ಟುಕೊಳ್ಳುವವನಿದ್ದ, ಕಿಟಕಿಯ ಸೀಟೇ ಬೇಕು ಎಂದು ಆಗಲೇ ಅತ್ತಿಗೆಯ ಜೊತೆ ಜಗಳ, ಈಗ ಕಿಟಕಿಯಲ್ಲಿ ಅತ್ತಿಗೆ ಒಬ್ಬಳೇ ಕೂತಿದ್ದಾಳೆ, ಮೆಲೆ ಅತ್ತಿಗೆ, ಎಡಗಡೆ ನಾಲ್ಕನೇ ಕಿಟಕಿ, ಕರಿ ಬಟ್ಟೆ, ಮುಖ ಕಾಣುವುದಿಲ್ಲ, ಗಾಜಿನ ಮೇಲೆ ಆಕಾಶ ಬಿದ್ದಿದೆ. ನಾನೂ ಅವಳ ಪಕ್ಕ ಕೂರಬೇಕಿತ್ತು, ಸಾವಿನ ಮನೆಯವರು ಮೈಗೆ ಸುತ್ತುವ ಹರಕು ಚಾಪೆಯನ್ನು ಕಿವಿ ಮುಚ್ಚುವಷ್ಟು ಎತ್ತರಕ್ಕೆ ಸುತ್ತಿಕೊಂಡು, ತಮ್ಮನ ಚಾಪೆ ದೊಡ್ಡದಿರಬೇಕು, ತೂತಿರಬೇಕು, ನೋಡಿದವರಿಗೆ ಇವನು ಎಷ್ಟು ಕೆಳಗೆ ಬಿದ್ದಿದ್ದಾನೆಂದು ತಿಳಿಯಬೇಕು, ಆದರೆ ಈ ಅಂಗಳದಲ್ಲಿ ಜೋತಾಡುವುದೇನೂ ಮೈಮೇಲಿರಬಾರದು, ಒಂದು ನೂಲು ಹಾರಿದರೂ ಇಂಜಿನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಚಾಪೆಯಿಂದ ಒಂದು ಅಂಗೈಯಗಲದ ತುಂಡು ಕಿತ್ತು ಹಳದಿ ಜಾಕೆಟ್ಟಿನ ಒಳಗೆ ಎದೆಗೆ ಒತ್ತಿ ಇಟ್ಟುಕೊಂಡಿದ್ದೇನೆ, ಬೆವರಿಗೆ ಚುಚ್ಚುತ್ತಿದೆ, ಚುಚ್ಚಲಿ. ನೀನ್ಯಾಕೆ ಬರ್ತಿಲ್ಲ ಎಂದು ಅತ್ತಿಗೆ ಕೇಳಲಿಲ್ಲ. ಯಾಕೆಂದು ನನಗೂ ಅವಳಿಗೂ ಗೊತ್ತಿತ್ತು, ಊರಲ್ಲಿ ನಮ್ಮಕ್ಕ ಬಂದರಿನಲ್ಲಿ ನಿಂತು ಮೊದಲು ಕೇಳುವುದು ಒಂದೇ ಪ್ರಶ್ನೆ, ಸಾಯುವಾಗ ನಿಮ್ಮಿಬ್ಬರ ನಡುವೆ ಮಾತಿತ್ತೇನೋ. ಇರಲಿಲ್ಲ ಅಕ್ಕ, ಆರು ವಾರ ಇರಲಿಲ್ಲ.

ಸಮುದ್ರದ ಕಡೆಯಿಂದ ಗಾಳಿ ಎದ್ದಿದೆ, ಬಾಟನಿ ಕೊಲ್ಲಿಯ ಗಾಳಿ, ಉಪ್ಪು ಮತ್ತು ಸುಟ್ಟೆಣ್ಣೆ, ಈ ಗಾಳಿಗೆ ಇವತ್ತು ಮೂರನೇ ರನ್‌ವೇಯಿಂದಲೇ ಹೊರಡಿಸುತ್ತಾರೆ, ನಿನ್ನ ರನ್‌ವೇ ಅಣ್ಣ, ನೀನು ಈ ದೇಶಕ್ಕೆ ಬಂದಾಗ ಅಲ್ಲಿ ಬರೀ ನೀರಿತ್ತು, ಎಂಬತ್ತೊಂಬತ್ತರಲ್ಲಿ ಬಂದೆ, ನಾಲ್ಕು ವರ್ಷವಾದಮೇಲೆ ಕೊಲ್ಲಿಯ ತಳದಿಂದ ಮರಳು ಹೀರಿ ಸಮುದ್ರಕ್ಕೇ ಸುರಿಯುವ ಕೆಲಸಕ್ಕೆ ಸೇರಿದೆ, ಆನೆ ಹೋಗುವಂಥ ಕೊಳವೆಗಳು, ಒಂದಕ್ಕೊಂದು ಜೋಡಿಸುವುದು, ಸೊಂಟದವರೆಗೆ ಕೆಸರು, ಮನೆಗೆ ಬಂದರೆ ಕಿವಿಯಿಂದ, ಮೂಗಿನಿಂದ, ಹೊಕ್ಕುಳಿಂದ ಮರಳು, ಅಮ್ಮನಿಗೆ ಫೋನಿನಲ್ಲಿ ಏನು ಕೊಚ್ಚಿಕೊಂಡಿದ್ದೆ, ನಮ್ಮಜ್ಜ ಸಮುದ್ರದಿಂದ ಮೀನು ಹಿಡಿದ, ನಾನು ಸಮುದ್ರಾನೇ ಹಿಡಿದು ಮುಚ್ಚಿಬಿಟ್ಟೆ ಕಣಮ್ಮ. ಅಮ್ಮ ಬೈದಿದ್ದಳು, ಮುಚ್ಚಿದ ಸಮುದ್ರ ಒಂದಿನ ಕೇಳುತ್ತೆ ಕಣೋ, ಎಂದು, ಅವಳು ಎಲ್ಲಕ್ಕೂ ಹಾಗೇ ಹೇಳುತ್ತಿದ್ದಳು, ಅಂಗಳ ಗುಡಿಸಿದ ಕಸಕ್ಕೂ. ಮೊದಲ ವಿಮಾನ ಅದರ ಮೇಲಿಂದ ಎದ್ದ ದಿನ ಪೆನಿ ಬೇಲಿಯ ಹೊರಗೆ ನಿಂತು ನನ್ನ ಭುಜಕ್ಕೆ ಗುದ್ದಿದ್ದ, ನೋಡು, ಅದು ಓಡ್ತಿರೋದು ನನ್ನ ಬೆನ್ನ ಮೇಲೆ, ಬೇಲಿಯ ಇನ್ನೊಂದು ಕಡೆ ಪಕ್ಕದ ಬಡಾವಣೆ ಸಿಡೆನ್‌ಹ್ಯಾಮ್‌ನ ಹೆಂಗಸರು ಸದ್ದಿನ ವಿರುದ್ಧ ಬೋರ್ಡು ಹಿಡಿದು ಕೂಗುತ್ತಿದ್ದರು, ಅವರ ಬೀದಿಯ ಮನೆಗಳನ್ನು ಕೆಡವಿದರು ಮುಂದೆ, ಒಬ್ಬಳು ಮುದುಕಿ ಪೆನಿಯ ಕಡೆ ತಿರುಗಿ ನಿಮಗೆ ಮನೆ ಅಂದ್ರೆ ಗೊತ್ತಾ ಎಂದಳು, ಇವನು ಟೋಪಿ ತೆಗೆದು, ಗೊತ್ತು ಅಜ್ಜಿ, ಸಮುದ್ರದಾಚೆ ಇದೆ, ಎಂದ, ಮುದುಕಿ ಬೋರ್ಡು ಕೆಳಗಿಟ್ಟು ಇವನಿಗೇ ಒಂದು ಬಿಸ್ಕತ್ತು ಕೊಟ್ಟಳು, ಹೋದಲ್ಲೆಲ್ಲ ಹೀಗೆಯೇ ಇವನ ಕಥೆ. ಆಮೇಲೆ ಅಂಗಳದ ಕೆಲಸ, ನನ್ನನ್ನೂ ಅದಕ್ಕೇ ಸೇರಿಸಿದ, ಬೂಟಿನ ಲೇಸು ಹೇಗೆ ಕಟ್ಟಬೇಕೆಂಬುದರಿಂದ ಹಿಡಿದು ಎಲ್ಲ ಅವನೇ ಕಲಿಸಿದ್ದು, ವಿಮಾನ ಹತ್ತುವ ಬಾಗಿಲುಗಳು ಹೆಚ್ಚಿದವು, ವಿಮಾನಗಳ ರೆಕ್ಕೆ ಉದ್ದವಾಯಿತು, ಹಳೇ ಊಟದ ಮನೆ ಹೋಗಿ ಗಾಜಿನ ಗೋಡೆ ಬಂತು, ಗೋಡೆ ಹೋಗಿ ಇನ್ನೊಂದು ಗೋಡೆ ಬಂತು, ಈಗ ಪಶ್ಚಿಮದಲ್ಲಿ ಹಸುಗಳ ಹುಲ್ಲುಗಾವಲಿನಲ್ಲಿ ಇನ್ನೊಂದು ನಿಲ್ದಾಣವೇ ಎದ್ದಿದೆ, ನಮ್ಮಲ್ಲಿ ಅರ್ಧ ಜನರನ್ನು ಅಲ್ಲಿಗೆ ಕಳಿಸ್ತಾರಂತೆ ಎಂದು ನಮ್ಮ ಮೇಲ್ವಿಚಾರಕಿ ಮೌರೀನ್ ಹೇಳಿದಾಗ ಪೆನಿ, ಇಲ್ಲಿ ಮೀನು ಓಡಿಸಿದ್ರು, ಅಲ್ಲಿ ಹಸು ಓಡಿಸಿದ್ರು, ಇನ್ನು ಚಂದ್ರನ ಮೇಲೆ ಮೊಲ ಒಂದು ಬಾಕಿ, ಎಂದ. ಅದೇ ಅವನು ಇಡೀ ಊಟದ ಮನೆಯನ್ನು ನಗಿಸಿದ ಕೊನೆಯ ಸಲ.

ಪಿನ್ನು ಚುಚ್ಚಬೇಕು, ಹೊತ್ತಾಯಿತು, ಬಾಗಿ ಮೂತಿಯ ಚಕ್ರದ ಕಾಲಿನ ಹತ್ತಿರ, ಇಲ್ಲಿ ಈ ತೂತು, ಹೆಬ್ಬೆರಳ ದಪ್ಪದ ಉಕ್ಕಿನ ಕಡ್ಡಿ, ಬಾಲಕ್ಕೆ ಮೊಳದುದ್ದ ಕೆಂಪು ಪಟ್ಟಿ, ಇದು ಒಳಗಿದ್ದರೆ ಪೈಲಟ್ ಎಷ್ಟೇ ತಿರುಗಿಸಿದರೂ ಚಕ್ರ ತಿರುಗುವುದಿಲ್ಲ, ಟ್ರ್ಯಾಕ್ಟರ್ ಎಳೆದತ್ತ ಬರುತ್ತದೆ, ತಳ್ಳಿ ಮುಗಿದಮೇಲೆ ಕಿತ್ತುಕೊಂಡು, ಪಕ್ಕಕ್ಕೆ ನಡೆದು, ಪೈಲಟ್ಟಿಗೆ ಕಾಣುವ ಹಾಗೆ ಕೈ ಎತ್ತಿ ಹಿಡಿಯಬೇಕು, ನೋಡಪ್ಪ ತೆಗೆದಿದ್ದೇನೆ, ಇನ್ನು ನಿನ್ನ ವಿಮಾನ ನಿನ್ನದು, ಆಮೇಲೆ ಹೆಬ್ಬೆರಳು, ಪೈಲಟ್ ಮೇಲಿಂದ ಅಂಗೈ ಬೀಸುತ್ತಾನೆ, ಮುಗಿಯಿತು. ಎಲ್ಲರೂ ಅರೆಬರೆ ಎತ್ತಿ ಇಳಿಸುತ್ತಾರೆ, ಪೆನಿ ಹಾಗಲ್ಲ, ತೋಳು ನೆಟ್ಟಗೆ, ಎದೆ ಮುಂದೆ, ಗಾಳಿಗೆ ಪಟ್ಟಿ ಪಟಪಟ ಅನ್ನಬೇಕು, ಯಾರಿಗೋ ಅನ್ಕೋಬೇಡ ಕಣೋ, ಕಿಟಕೀಲಿ ಕೂತಿರೋ ಒಬ್ಬೊಬ್ಬರಿಗೂ ತೋರಿಸ್ಬೇಕು, ಈ ಊರಲ್ಲಿ ಅವರನ್ನ ಕೊನೇಗೆ ಬೀಳ್ಕೊಡೋನು ನೀನೇ. ಅವನ ಹತ್ತಿರ ಅವನದೇ ಒಂದು ಪಿನ್ನೂ ಇತ್ತು, ಹಳೇ ಟ್ರ್ಯಾಕ್ಟರಿನದು, ಇಟ್ಟುಕೊಳ್ಳಬಾರದು, ಆದರೆ ಹಳಬರೆಲ್ಲ ಒಂದೊಂದು ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು, ಅತ್ತಿಗೆ ಅದರ ಪಟ್ಟಿಗೆ ಅಂಚು ಮಡಿಸಿ ಹೊಲಿದಿದ್ದಳು, ತುದಿಗೆ ಒಂದು ಚೂರು, ಮರದ ತೊಗಟೆ ಬಡಿದು ಮಾಡುವ ನಮ್ಮ ತೊಗಟೆಬಟ್ಟೆ, ಕಂದು ಬಣ್ಣದ್ದು. ಮಾರ್ಚಿಯ ಆ ಮಂಗಳವಾರ, ಥಾನಾಸಿಗೆ ರಜೆ, ಟ್ರ್ಯಾಕ್ಟರಿನ ಮೇಲೆ ನಾನೇ ಇದ್ದೆ, ಕಳಚಿಕೊಂಡು ಹಿಂದೆ ಸರಿದು ನೋಡುತ್ತೇನೆ, ಪೆನಿ ಪಕ್ಕಕ್ಕೆ ನಡೆದಿದ್ದಾನೆ, ನಡಿಗೆ ದೋಣಿಯಲ್ಲಿ ನಡೆದ ಹಾಗೆ ಒಂದಿಷ್ಟು ವಾಲಿದೆ, ತೋಳು ನೆಟ್ಟಗೆ ಎತ್ತಿದ್ದಾನೆ, ಎದೆ ಮುಂದೆ, ಕೈಯಲ್ಲಿ ಕೆಂಪು ಪಟ್ಟಿ ಪಟಪಟ, ಪೈಲಟ್ ಅಂಗೈ ಬೀಸುತ್ತಿದ್ದಾನೆ — ಮತ್ತು ಮೂತಿಯ ಕೆಳಗೆ, ಚಕ್ರದ ಕಾಲಿನಲ್ಲಿ, ಇನ್ನೊಂದು ಕೆಂಪು ಪಟ್ಟಿ, ನೇತಾಡುತ್ತಿದೆ. ಎರಡು. ಒಂದೇ ಸಲಕ್ಕೆ ಎರಡು, ಒಂದು ಅವನ ಕೈಯಲ್ಲಿ, ಒಂದು ಅಲ್ಲಿ, ಜೇಬಿನದನ್ನು ತೋರಿಸಿದ್ದ, ನಿಜವಾದದ್ದನ್ನು ಮರೆತಿದ್ದ. ನಾನು ಹಾರನ್ ಒತ್ತಿದೆ, ಕೈ ಅಡ್ಡ ಮಾಡಿದೆ, ವಿಮಾನ ಒಂದಡಿಯೂ ಕದಲಿರಲಿಲ್ಲ, ತೆಗೆದೆವು, ಹೋಯಿತು, ಏನೂ ಆಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಊಟ, ಅದನ್ನು ಮಾತ್ರ ನೆನೆಯಬಾರದು ಎಂದುಕೊಳ್ಳುತ್ತೇನೆ, ಅದೇ ಬರುತ್ತದೆ, ಅತ್ತಿಗೆ ಕಟ್ಟಿಕೊಟ್ಟ ಡಬ್ಬಿ, ಕೆಸುವಿನೆಲೆಯಲ್ಲಿ ಮಾಂಸವೂ ತೆಂಗಿನಹಾಲೂ ಸುತ್ತಿ ಬೇಯಿಸಿದ್ದು, ನಾಲ್ಕು ಪೊಟ್ಟಣ, ನನಗೆ ಮೂರು ತಳ್ಳಿ ತಾನೊಂದು ಇಟ್ಟುಕೊಂಡ, ತಿನ್ನೋ, ನಿನ್ ಮುಖ ನೋಡು, ಪಿನ್ನು ಮರೆತೋನು ನಾನಾ ನೀನಾ, ಎಂದು ನಕ್ಕ, ನಗುವಾಗ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು, ಬೆರಳು ಬಿಳಿಚಿತ್ತು, ನನಗೆ ಕಾಣುತ್ತಿತ್ತು, ಬಾಯಿ ತೆರೆದರೆ ಸಾಕಿತ್ತು, ಅಣ್ಣ ನಿಂಗೆ ತಲೆ ಸುತ್ತುತ್ತಾ, ಆರು ಪದ ಬೇಡ, ನಾಲ್ಕೇ, ಆದರೆ ತಮ್ಮ ಅಣ್ಣನನ್ನು ಹಾಗೆ ಕೇಳುವುದಿಲ್ಲ ನಮ್ಮಲ್ಲಿ, ತಮ್ಮ ಎಲೆ ಬಿಚ್ಚಿ ಸುಮ್ಮನೆ ತಿನ್ನುತ್ತಾನೆ, ನಾನು ತಿಂದೆ, ಮೂರನ್ನೂ ತಿಂದೆ, ಬೆರಳು ನೆಕ್ಕಿದೆ, ಎದ್ದು ಕೈ ತೊಳೆದು ಮೌರೀನಳ ಕೋಣೆಗೆ ಹೋಗಿ ವರದಿ ಬರೆದೆ. ಬರೆಯಲೇಬೇಕಿತ್ತು, ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಗೋಡೆಯ ಮೇಲೇ ಇದೆ, ಏನಾಯಿತು, ಎಷ್ಟು ಹೊತ್ತಿಗೆ, ಯಾವ ವಿಮಾನ, ಅಷ್ಟನ್ನೇ ಬರೆದಿದ್ದರೆ ಎರಡು ದಿನದ ಪಾಠ ಹೇಳಿ ಮತ್ತೆ ಅಂಗಳಕ್ಕೆ ಬಿಡುತ್ತಿದ್ದರು, ಆದರೆ ಕೊನೆಯಲ್ಲಿ ಒಂದು ಖಾಲಿ ಚೌಕವಿರುತ್ತದೆ, ಬೇರೆ ಏನಾದರೂ ಹೇಳುವುದಿದೆಯೇ, ಆ ಚೌಕ ನನ್ನನ್ನು ನೋಡಿತು, ಎದುರಿಗೆ ಹೇಳಲಾಗದ್ದೆಲ್ಲ ಕೈಗೆ ಬಂತು, ಇತ್ತೀಚೆಗೆ ಅವನಿಗೆ ತಲೆ ಸುತ್ತುತ್ತದೆ, ಹೋದ ವಾರ ಏಣಿ ಹಿಡಿದು ನಿಂತುಬಿಟ್ಟಿದ್ದ, ಈ ಕೆಲಸ ಇನ್ನು ಅವನಿಗೆ ಆಗುವುದಿಲ್ಲ. ಈ ಕೆಲಸ ಇನ್ನು ಅವನಿಗೆ ಆಗುವುದಿಲ್ಲ. ಪ್ರೀತಿಯಿಂದ ಬರೆದೆ, ಆಣೆ, ಇಂಜಿನ್ನಿನ ಮುಂದೆ ಎಲ್ಲಿ ಬಿದ್ದುಹೋಗುತ್ತಾನೋ ಎಂದು ಬರೆದೆ, ಆದರೆ ಕಾಗದದ ಮೇಲೆ ಪ್ರೀತಿ ಎಲ್ಲಿ ಕಾಣುತ್ತದೆ, ಅಲ್ಲಿ ಕಾಣುವುದು ನನ್ನ ರುಜು. ಮೌರೀನ್ ಓದಿ ಕನ್ನಡಕ ತೆಗೆದು, ನಿಮ್ಮಣ್ಣಂಗೆ ಹೇಳಿದ್ದೀಯಾ ಇದನ್ನ, ಎಂದಳು. ಹೇಳ್ತೀನಿ ಎಂದೆ. ಹೇಳಲಿಲ್ಲ.

ಅವನ ಅಂಗಳದ ಪಾಸು ತೆಗೆದುಕೊಂಡರು, ವೈದ್ಯರು ನೋಡುವವರೆಗೆ ಎಂದರು, ಮುಂಭಾಗದಲ್ಲಿ ಟ್ರಾಲಿ ಸೇರಿಸುವ ಕೆಲಸ ಕೊಟ್ಟರು, ಪ್ರಯಾಣಿಕರು ಬಿಟ್ಟುಹೋದ ಟ್ರಾಲಿಗಳನ್ನು ಒಂದರೊಳಗೊಂದು ತೂರಿಸಿ ಸಾಲು ಮಾಡಿ ತಳ್ಳುವುದು, ಸಾವಿರಾರು ವಿಮಾನ ಕಳಿಸಿದವನು, ಅಲ್ಲಿಂದ ಒಂದು ವಿಮಾನವೂ ಕಾಣುವುದಿಲ್ಲ, ಬರೀ ಅಳುವವರು, ಅಪ್ಪಿಕೊಳ್ಳುವವರು, ಚಹಾದ ಅಂಗಡಿ. ಪಾಸು ಒಪ್ಪಿಸಿದ ದಿನ ಬೀಗದ ಪೆಟ್ಟಿಗೆಗಳ ಹತ್ತಿರ ನನ್ನನ್ನು ನಿಲ್ಲಿಸಿದ, ನನ್ನ ಬರಹ ಅವನಿಗೆ ತೋರಿಸಿದ್ದರು, ಕೋಪ ಮಾಡಿದ್ದರೆ ಆಗಿತ್ತು, ನನ್ನ ಕೆನ್ನೆಗೆ ಹೊಡೆಯುವ ಹಕ್ಕು ಅವನಿಗಿತ್ತು, ಹೊಡೆಯಲಿಲ್ಲ, ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಪಿನ್ನು ಕಣೋ, ಎಂದ, ಆಮೇಲೆ, ನಂಗೇ ಹೇಳ್ಬೋದಿತ್ತಲ್ಲೋ, ಪಕ್ಕದಲ್ಲೇ ಕೂತಿದ್ದೆ, ಊಟ ಮಾಡ್ತಿದ್ದೆ. ಅಷ್ಟೇ. ಬೀಗದ ಪೆಟ್ಟಿಗೆಯ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದ, ಮಗು ಮಲಗಿರುವ ಮನೆಯಲ್ಲಿ ಮುಚ್ಚಿದ ಹಾಗೆ. ಆರು ವಾರ, ಭಾನುವಾರ ಚರ್ಚಿನಲ್ಲಿ ಅದೇ ಬೆಂಚು, ನಡುವೆ ಒಬ್ಬರು ಕೂರುವಷ್ಟು ಜಾಗ, ಹಾಡುವಾಗ ಅವನ ದಪ್ಪ ದನಿ ನನ್ನ ಭುಜಕ್ಕೆ ತಾಗುತ್ತಿತ್ತು, ಹಾಡು ಮುಗಿದರೆ ಮುಗಿಯಿತು. ಇವತ್ತು ಹೋಗಿ ಮಾತಾಡಿಸಬೇಕು, ನಾಳೆ, ಮುಂದಿನ ವಾರ ಅವನ ಹುಟ್ಟಿದ ಹಬ್ಬ, ಆವತ್ತು ಸರಿ, ಹೀಗೆ ಲೆಕ್ಕ ಹಾಕುತ್ತಿದ್ದೆ ನಾನು ಮೂರ್ಖ. ಬುಧವಾರ ಹನ್ನೊಂದೂವರೆಗೆ, ಬಾಗಿಲು ಸಿ ಹತ್ತಿರ, ನಲವತ್ತು ಟ್ರಾಲಿಗಳ ಸಾಲಿಗೆ ಎದೆಯೊಡ್ಡಿ ಹಾಗೆಯೇ ನಿಂತನಂತೆ, ಜನ ಸುಸ್ತಾಗಿರಬೇಕು ಎಂದುಕೊಂಡರಂತೆ, ಅವನು ನಿಂತಲ್ಲೇ ಹೋಗಿಬಿಟ್ಟಿದ್ದ, ಕೈ ಹಿಡಿಕೆಯನ್ನು ಬಿಟ್ಟಿರಲಿಲ್ಲವಂತೆ. ಆ ಹೊತ್ತಿನಲ್ಲಿ ನಾನು ಇಲ್ಲೇ, ಈ ಅಂಗಳದಲ್ಲೇ, ಯಾವುದೋ ವಿಮಾನಕ್ಕೆ ಪಿನ್ನು ತೋರಿಸುತ್ತಿದ್ದೆ, ಗೋಡೆಯ ಈ ಕಡೆ. ಮೂರನೇ ದಿನ ಅತ್ತಿಗೆ ಹಿತ್ತಲಿಗೆ ಬಂದಳು, ನಾನು ಒಲೆಗೆ ಸೌದೆ ಒಟ್ಟುತ್ತಿದ್ದೆ, ಸೆರಗಿಲ್ಲದ ನಮ್ಮ ಹೆಂಗಸರು ಹೇಳಲಾಗದ್ದನ್ನು ಮುಷ್ಟಿಯಲ್ಲಿ ಹಿಡಿದು ತರುತ್ತಾರೆ, ಮುಷ್ಟಿ ಬಿಚ್ಚಿದಳು, ಅವನ ಪಿನ್ನು, ಅಂಚು ಹೊಲಿದ ಕೆಂಪು ಪಟ್ಟಿ, ತುದಿಗೆ ಕಂದು ಚೂರು. ಹೋದ ತಿಂಗಳೇ ಎತ್ತಿಟ್ಟಿದ್ರು, ಮೋಸೆಗೆ ಕೊಡು ಅಂದಿದ್ರು. ಮತ್ತೇನಂದ್ರು ಅತ್ತಿಗೆ. ಏನೂ ಅನ್ನಲಿಲ್ಲ. ಕೋಪದಲ್ಲಿ ಅಂದ್ರಾ. ಅವಳು ನನ್ನನ್ನು ನೋಡಿ, ಗೊತ್ತಿಲ್ಲಪ್ಪ, ಬೆನ್ನು ಮಾಡಿ ಕೂತಿದ್ರು, ಎಂದಳು. ಆವತ್ತಿನಿಂದ ಅದು ಈ ಬಲಗಡೆ ಜೇಬಿನಲ್ಲಿದೆ, ಈಗಲೂ ಅದರ ಮೇಲೆಯೇ ಕೈ, ಬಿಸಿಯಾಗಿದೆ, ಬೆವರಿದೆ.

ನೆಲದವರೇ, ಬ್ರೇಕು ಬಿಟ್ಟಿದ್ದೀವಿ, ತಳ್ಳಬಹುದು — ಕಿವಿಯಲ್ಲಿ ಪೈಲಟ್, ಹೆಂಗಸಿನ ದನಿ, ಬೆಳಗಿನ ದನಿ. ತಳ್ಳುತ್ತಿದ್ದೇವೆ ಎಂದೆ, ನನ್ನ ದನಿ ಸರಿಯಾಗಿಯೇ ಬಂತು, ಬಾಯಿಗೆ ಈ ಮಾತುಗಳು ರೂಢಿ, ಥಾನಾಸಿ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿದ, ಇಡೀ ವಿಮಾನ ಹಿಂದೆ ಹಿಂದೆ, ಮೂತಿಯ ಪಕ್ಕದಲ್ಲಿ ನಾನು, ಹೆಜ್ಜೆ ಹೆಜ್ಜೆ, ಶವದ ಗಾಡಿಯ ಪಕ್ಕದಲ್ಲಿ ಹೀಗೆಯೇ ನಡೆಯುತ್ತಾರೆ ನಮ್ಮೂರಲ್ಲಿ, ಬಾಜಾಬಜಂತ್ರಿ ಇರುತ್ತದೆ, ಇಲ್ಲಿ ಒಂದು ಇಂಜಿನ್ನು ಎದ್ದಿತು, ಇನ್ನೊಂದು ಎದ್ದಿತು, ಎದೆಯೊಳಗೆ ಚಾಪೆಯ ತುಂಡು ನಡುಗುತ್ತಿದೆ, ನಡಿ ಅಣ್ಣ, ನಾನೇ ತಳ್ಳುತ್ತಿದ್ದೇನೆ, ಕೊಟ್ಟ ಮಾತು, ಅಷ್ಟಾದರೂ ಆಯಿತು, ಕೋಪದಲ್ಲಿ ಕೊಟ್ಟೆಯಾ ಪಿನ್ನನ್ನು, ತಗೋ ನಿನ್ನ ಕೆಲಸ ನೀನೇ ಇಟ್ಕೋ ಎಂದು ಕೊಟ್ಟೆಯಾ, ಅಥವಾ ನೀನೇ ತೋರಿಸಬೇಕು ಎಂದಿದ್ದೆಯಲ್ಲ, ಅದಕ್ಕೆ ಕೊಟ್ಟೆಯಾ, ಒಂದು ಮಾತು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು ನಿನ್ನದು, ನಾನೂ ಅನ್ನಲಿಲ್ಲ, ನೀನೂ ಅನ್ನಲಿಲ್ಲ, ಎಷ್ಟೆಂದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನಿಲ್ಲಿಸಿ, ಬ್ರೇಕು ಹಾಕಿ. ಬ್ರೇಕು ಹಾಕಿದ್ದೀವಿ, ಧನ್ಯವಾದ, ಶುಭದಿನ. ಶುಭದಿನ. ವಿಮಾನವನ್ನು ಟ್ರ್ಯಾಕ್ಟರಿಗೆ ಜೋಡಿಸಿದ ಕಂಬಿ ಕಳಚಿದೆ, ಹೆಡ್‌ಸೆಟ್ಟಿನ ತಂತಿ ಕಿತ್ತೆ, ಮುಚ್ಚಳ ಹಾಕಿದೆ, ಥಾನಾಸಿ ಟ್ರ್ಯಾಕ್ಟರ್ ಹಿಂದಕ್ಕೆ ಸರಿಸಿಕೊಂಡು ನನ್ನನ್ನೇ ನೋಡುತ್ತಿದ್ದಾನೆ, ಆ ದಡೂತಿ ಗ್ರೀಕ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾನೆ, ನೋಡಬೇಡ ಅವನ ಕಡೆ, ನಡೆ, ಇಪ್ಪತ್ತು ಹೆಜ್ಜೆ, ತಿರುಗು, ಮೇಲೆ ಪೈಲಟ್ಟಿನ ಮುಖ, ಅದರ ಹಿಂದೆ ನಾಲ್ಕನೇ ಕಿಟಕಿ, ತೋಳು ನೆಟ್ಟಗೆ, ಎದೆ ಮುಂದೆ, ಎತ್ತಿದೆ, ಗಾಳಿ ಹಿಡಿದುಕೊಂಡಿತು, ಪಟಪಟ, ನೋಡು ಅಣ್ಣ, ಇಷ್ಟು ನೆಟ್ಟಗೆ ನಾನು ಯಾವತ್ತೂ ಎತ್ತಿರಲಿಲ್ಲ, ಹೆಬ್ಬೆರಳು, ಪೈಲಟ್ ಅಂಗೈ ಬೀಸಿದಳು, ಕಿಟಕಿಯಲ್ಲೂ ಏನೋ ಬಿಳಿಯದು ಅಲುಗಿತು, ಅತ್ತಿಗೆಯ ಅಂಗೈಯೇ ಇರಬೇಕು.

ಹೋಗುತ್ತಿದೆ, ನೇರವಾಗಿ, ಹಳದಿ ಗೆರೆಯ ಮೇಲೆ, ಇನ್ನೇನು ಎಡಕ್ಕೆ ತಿರುಗಬೇಕು, ಮೂರನೇ ರನ್‌ವೇ ಆ ಕಡೆ, ನಿನ್ನ ಮರಳು, ನಿನ್ನ ಬೆನ್ನು, ತಿರುಗಬೇಕು, ತಿರುಗುತ್ತಿಲ್ಲ, ನಿಂತಿತು, ಯಾಕೆ ನಿಂತಿತು, ಹಿಂದೆ ಇನ್ನೊಂದು ವಿಮಾನ ಕಾಯುತ್ತಿದೆ, ಸೊಂಟದ ರೇಡಿಯೋ ಕರಕರ ಎನ್ನುತ್ತಿದೆ, ಮೌರೀನ್, ಮೋಸೆ, ನಿನ್ನ ವಿಮಾನ ತಿರುಗ್ತಾ ಇಲ್ಲವಂತೆ, ಚಕ್ರ ಕಚ್ಕೊಂಡಿದೆ ಅಂತಿದ್ದಾರೆ, ಪಿನ್ನು ತೆಗೆದ್ಯಾ — ತೆಗೆದೆ, ತೋರಿಸಿದೆ, ಕೈಯಲ್ಲೇ ಇದೆ ನೋಡಿ, ಎಂದು ಕೈ ನೋಡಿಕೊಂಡೆ. ಅಂಚು ಹೊಲಿದ ಪಟ್ಟಿ. ತುದಿಗೆ ಕಂದು ಚೂರು. ಕಡಲಕ್ಕಿ ಕಾಲು ಬದಲಿಸಿತು. ಥಾನಾಸಿಯೂ ನೋಡಿದ, ನನ್ನ ಕೈ, ಆಮೇಲೆ ದೂರದಲ್ಲಿ ವಿಮಾನದ ಮೂತಿ, ಅಲ್ಲಿ ಕೆಳಗೆ, ಇಷ್ಟು ದೂರಕ್ಕೂ ಕಾಣುತ್ತದೆ, ಕೆಂಪು ಯಾವಾಗಲೂ ಕಾಣುತ್ತದೆ, ಅದಕ್ಕೇ ಕೆಂಪು ಇಟ್ಟಿದ್ದಾರೆ, ನೇತಾಡುತ್ತಿದೆ. ಅಯ್ಯೋ ಮೋಸೆ, ಎಂದ ಥಾನಾಸಿ, ಹತ್ತು, ಹತ್ತು ಬೇಗ, ಎಂದು ಟ್ರ್ಯಾಕ್ಟರಿನ ಪಕ್ಕದ ಸೀಟು ತಟ್ಟಿದ. ಸರಿಯಾಗಿ ಹೀಗೆಯೇ, ಕೂದಲೆಳೆಯಷ್ಟೂ ಬೇರೆಯಲ್ಲ, ನನಗೆ ತಲೆ ಸುತ್ತುತ್ತಿರಲಿಲ್ಲ, ಕಾಲು ವಾಲುತ್ತಿರಲಿಲ್ಲ, ಎದೆ ತುಂಬಿತ್ತು ಅಷ್ಟೆ, ಕೈ ಜೇಬಿಗೆ ಹೋಯಿತು, ಯಾರಿಗೆ ಗೊತ್ತು ಆ ಮಂಗಳವಾರ ನಿನ್ನ ಎದೆಯಲ್ಲಿ ಏನಿತ್ತೋ, ಅಮ್ಮ ಸತ್ತ ತಿಂಗಳಲ್ಲವೇ ಅದು, ಮಾರ್ಚಿ, ಅವಳು ಹೋಗಿ ವರ್ಷವಾದದ್ದರ ಪ್ರಾರ್ಥನೆ ಹಿಂದಿನ ಭಾನುವಾರವಷ್ಟೇ ಆಗಿತ್ತು, ಆ ಚೌಕದಲ್ಲಿ ನಾನು ಅದನ್ನು ಬರೆದೆನೇ. ಇಲ್ಲ.

ವಿಮಾನಗಳ ದಾರಿಗೆ ಇಳಿಯಲು ನಮಗೆ ಒಪ್ಪಿಗೆ ಬಂತು, ಥಾನಾಸಿ ದೂರದಲ್ಲೇ ನಿಲ್ಲಿಸಿದ, ಇಳಿದು ಮೂತಿಗೆ ನೇರವಾಗಿ ನಡೆಯುತ್ತಿದ್ದೇನೆ, ಎರಡೂ ಕಡೆ ಇಂಜಿನ್ನುಗಳು ಗಾಳಿ ನುಂಗುತ್ತಿವೆ, ನಡುವೆ ನನ್ನಷ್ಟಗಲದ ದಾರಿ, ಅಂಚಿಗೆ ಹೋಗಬೇಡ, ನಡುವೆಯೇ ನಡಿ, ಎಂದು ಮೊದಲ ದಿನ ನನ್ನ ಕೊರಳಪಟ್ಟಿ ಹಿಡಿದು ನಡೆಸಿದ್ದು ನೀನೇ, ಮೂತಿಯ ಕೆಳಗೆ ಬಂದೆ, ತಲೆಯ ಮೇಲೆ ಇಡೀ ವಿಮಾನ, ಇದರ ಹೊಟ್ಟೆಯಲ್ಲಿ ನೀನು, ತಲೆ ಈ ಕಡೆಗೆ, ಬಾಣದ ಗುರುತು ನನ್ನ ಕಡೆಗೇ ಇದೆ, ಇಷ್ಟು ಹತ್ತಿರ ನಾವು ಆ ಊಟದ ನಂತರ ಇರಲೇ ಇಲ್ಲ. ತಂತಿ ಸಿಕ್ಕಿಸಿದೆ. ಪೈಲಟಮ್ಮ, ತಪ್ಪು ನನ್ನದು, ಪಿನ್ನು ಇಲ್ಲೇ ಉಳಿದಿದೆ, ನಾನು ಬೇರೆಯದನ್ನು ತೋರಿಸಿದೆ. ಕಿವಿಯಲ್ಲಿ ಆ ಬೆಳಗಿನ ದನಿ, ಪರವಾಗಿಲ್ಲ ಬಿಡಿ, ಯಾರಿಗಾದ್ರೂ ಆಗುತ್ತೆ. ಯಾರಿಗಾದರೂ ಆಗುತ್ತೆ. ಎರಡೇ ಪದ, ಆ ಚೌಕದಲ್ಲಿ ಹಿಡಿಸುತ್ತಿದ್ದವು, ಎರಡು ಪದಕ್ಕೂ ಮಿಕ್ಕಿ ಜಾಗ ಉಳಿಯುತ್ತಿತ್ತು, ಈ ಹೆಂಗಸು ನನ್ನ ಹೆಸರು ಕೂಡ ಅರಿಯದವಳು, ನನಗೆ ಕೊಟ್ಟಳು, ನಿನ್ನ ಕೈಯಿಂದ ಮೂರು ಪೊಟ್ಟಣ ತಿಂದವನು ನಾನು ನಿನಗೆ ಕೊಡಲಿಲ್ಲ. ಪಿನ್ನು ಸುಲಭವಾಗಿ ಬಂತು, ತಣ್ಣಗಿದೆ, ಗ್ರೀಸು. ನಾಳೆ ವರದಿ ಬರೆಯಬೇಕು, ಯಾರು ಬರೆಯುತ್ತಾರೆ, ಥಾನಾಸಿ ಕಂಡಿದ್ದಾನೆ, ಅವನು ನನ್ನ ಹತ್ತಿರ ಮೊದಲು ಮಾತಾಡುತ್ತಾನೆ, ನನಗೆ ಗೊತ್ತು, ಗದರಿಸುತ್ತಾನೆ, ಕಾಫಿ ಕೊಡುತ್ತಾನೆ, ಆಮೇಲೆ ಬರೆಯುತ್ತಾನೆ. ತಂತಿ ಕಿತ್ತೆ, ಮುಚ್ಚಳ, ನಡುವೆಯೇ ನಡೆದು ಹೊರಗೆ, ಪಕ್ಕಕ್ಕೆ, ಇಪ್ಪತ್ತು ಹೆಜ್ಜೆ, ತಿರುಗಿದೆ.

ತೋಳು ಎತ್ತಿದೆ, ನೆಟ್ಟಗೆ, ನಿಜವಾದದ್ದು ಕೈಯಲ್ಲಿದೆ, ನಿನ್ನದೂ ಅದೇ ಕೈಯಲ್ಲಿದೆ, ಜೇಬಿಗೆ ಹಾಕಬೇಕಿತ್ತು, ಹಾಕಲಿಲ್ಲ, ಗಾಳಿಗೆ ಎರಡೂ ಎದ್ದವು, ಒಂದು ಹೊಸ ಕೆಂಪು, ಒಂದು ಹಳೇ ಕೆಂಪು, ಒಂದಕ್ಕೊಂದು ಸುತ್ತಿಕೊಂಡವು, ಬಿಟ್ಟುಕೊಂಡವು, ಪೈಲಟ್ ಕಾಯುತ್ತಿದ್ದಾಳೆ, ನನ್ನ ಹೆಬ್ಬೆರಳಿಗೆ, ಮೂತಿಯ ಕೆಳಗೆ ಈಗ ಏನೂ ಇಲ್ಲ, ಹೆಬ್ಬೆರಳು ಎತ್ತಿದರೆ ಅವಳು ಅಂಗೈ ಬೀಸುತ್ತಾಳೆ, ಬೀಸಿದರೆ ನೀನು ಹೋಗುತ್ತೀಯ, ಎತ್ತಬೇಕು, ಹಿಂದೆ ಸಾಲು ನಿಂತಿದೆ, ರೇಡಿಯೋದಲ್ಲಿ ಮೌರೀನ್ ಮೋಸೆ ಮೋಸೆ ಎನ್ನುತ್ತಿದ್ದಾಳೆ, ನಾಲ್ಕನೇ ಕಿಟಕಿಯಲ್ಲಿ ಗಾಜಿಗೆ ಒತ್ತಿದ ಹಣೆ, ಅಂಚು ಹೊಲಿದವಳಿಗೆ ತನ್ನ ಹೊಲಿಗೆ ಇಷ್ಟು ದೂರಕ್ಕೂ ಕಾಣುತ್ತದೆ, ನೋಡು ಅಣ್ಣ, ನಾನೂ, ಒಂದು ಪಿನ್ನು, ನಾನೂ, ಹೆಬ್ಬೆರಳು ತೋರಿಸಬೇಕಾದ ಎಡಗೈ ಮೇಲೆ ಬರುತ್ತಿಲ್ಲ, ಇನ್ನೊಂದು ಗಳಿಗೆ, ನೋಡು, ನನ್ನ ಕೈಯಲ್ಲೂ ಎರಡು, ಗಾಳಿಯಲ್ಲಿ, ಕೆಂಪು, ಎರಡು, ಎರಡು ಕೆಂಪು ಪಟ್ಟಿ